ನಮ್ಮನ್ನು ಎಂಟನೇ ಕ್ಲಾಸಿಗೆ ಸೇರಿಸಿದ ಪಿ.ಟಿ. ಮೇಷ್ಟ್ರು

ನನ್ನ ಮಗಳು ಭಾಗ್ಯಶ್ರೀ ಏಳನೇ ಕ್ಲಾಸಿನಲ್ಲಿದ್ದ ವರ್ಷ, ಸಂಕ್ರಾಂತಿ ಮುಗಿದ ವಾರ, ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದಳು.

"ಅಪ್ಪಾ, ಶನಿವಾರ ನೀನು, ಅವ್ವ ಇಬ್ರೂ ಸಾಲಿಗೆ ಬರಬೇಕಂತ. ಪಿ.ಟಿ. ಸರ್ ನಿಮ್ಮನ್ನ ಎಂಟನೇ ಕ್ಲಾಸಿಗೆ ಸೇರಿಸ್ತಾರಂತ."

"ನಮ್ಮನ್ನಲ್ಲ ಮಾರಾಯ್ತಿ, ನಿನ್ನನ್ನ."

"ಅಲ್ಲಪಾ, ನಿಮ್ಮನ್ನ. ನನಗೇನೂ ಹೆದರಿಕಿ ಇಲ್ಲಂತ ಅವರಿಗೆ ಗೊತ್ತೈತಿ."

ನಾನು ನಕ್ಕೆ. ಹೆಂಡತಿ ನೀಲಮ್ಮ ನಗಲಿಲ್ಲ. ಶಾಲೆಯಿಂದ ಕರೆ ಬಂತೆಂದರೆ ಹುಡುಗಿ ಏನೋ ಕಿತಾಪತಿ ಮಾಡಿದ್ದಾಳೆ ಎಂದೇ ಅವಳ ಲೆಕ್ಕ.

ನಾವು ಗದಗದ ಕಡೆಯವರು. ಯಲಹಂಕದ ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ ನನಗೆ ಕೆಲಸ. ಮದುವೆಯಾದ ಮೇಲೆ ಬೆಂಗಳೂರಿನ ಅಂಚಿನ ಸಿಂಗಾಪುರವೆಂಬ ಬಡಾವಣೆಯಲ್ಲಿ ಬಾಡಿಗೆಗೆ ಹಿಡಿದ ಮನೆಯಲ್ಲೇ ಈಗಲೂ ಇದ್ದೇವೆ. ಮಗಳು ಓದುತ್ತಿದ್ದ ಸರ್ಕಾರಿ ಶಾಲೆ ನಮ್ಮ ಬೀದಿಯ ಹಿಂದಿನ ಬೀದಿಯಲ್ಲಿ. ಗಂಟೆ ಹೊಡೆದರೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಆದರೆ ಅಲ್ಲಿ ಏಳನೆಯ ತರಗತಿಗೇ ಕೊನೆ. ಎಂಟನೆಯದಕ್ಕೆ ಜಾಲಹಳ್ಳಿ ಕಡೆಯ ಹೈಸ್ಕೂಲಿಗೆ ಹೋಗಬೇಕು. ಎಂ.ಎಸ್. ಪಾಳ್ಯದ ಸರ್ಕಲ್ಲಿನವರೆಗೆ ನಡಿಗೆ, ಅಲ್ಲಿಂದ ಬಸ್ಸು, ಗಂಗಮ್ಮ ಸರ್ಕಲ್ ದಾಟಿ ಇಳಿದು, ಲಾರಿ ಬಸ್ಸುಗಳ ಮಧ್ಯೆ ದೊಡ್ಡ ರಸ್ತೆ ದಾಟಿ ಮತ್ತೆ ನಡಿಗೆ. ಇದನ್ನೆಲ್ಲ ಯೋಚಿಸಿಯೇ ನೀಲಮ್ಮ ದೀಪಾವಳಿಗೆ ಊರಿಗೆ ಹೋದಾಗ ನನ್ನ ತಾಯಿಯ ಹತ್ತಿರ ಮಾತಾಡಿ ಬಂದಿದ್ದಳು. ಊರಲ್ಲಿ ಹೈಸ್ಕೂಲು ನಮ್ಮ ಮನೆಯ ಹಿತ್ತಿಲಿಗೆ ಹತ್ತಿದಂತೆ ಇದೆ. ಹುಡುಗಿ ಅಜ್ಜಿಯ ಜೊತೆ ಇದ್ದು ಓದಲಿ ಎಂಬ ಮಾತು. ನಾನು ಹೂಂ ಎಂದೂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಮಗಳಿಗೆ ಇನ್ನೂ ಹೇಳಿರಲಿಲ್ಲ.

ಶನಿವಾರ ಹೋದೆವು. ಶಾಲೆಯ ಅಂಗಳದಲ್ಲಿ ಜಮಖಾನ ಹಾಸಿ ತಂದೆ ತಾಯಂದಿರನ್ನು ಕೂರಿಸಿದ್ದರು. ಎದುರಿಗೆ ನಿಂತವರು ಕುಳ್ಳಗೆ, ಗಟ್ಟಿ ಮೈಯವರು. ಬಿಸಿಲಿಗೆ ಕಂದಿದ ಮುಖ, ಬಣ್ಣ ಹೋದ ಕ್ಯಾಪು, ಕತ್ತಿನಲ್ಲಿ ಸೀಟಿ. ಆ ಸೀಟಿಯನ್ನು ಅವರು ಊದಿದ್ದನ್ನು ನಾನು ನೋಡಿದ್ದು ಕಡಿಮೆ. ಗಂಟಲೇ ಸಾಕಿತ್ತು. ನಿವೃತ್ತಿಗೆ ಹತ್ತಿರವಿದ್ದರೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮಾತಾಡುತ್ತ ಮಾತಾಡುತ್ತ ಅಂಗಳದ ಆ ತುದಿಗೆ ಹೋಗಿಬಿಡುತ್ತಿದ್ದರು, ನಾವೆಲ್ಲ ಕತ್ತು ತಿರುಗಿಸಬೇಕು.

ಅವರು ಯಲಹಂಕದ ಪಕ್ಕದ ಕೋಗಿಲಿನವರು. ಅದು ಹಳ್ಳಿಯಾಗಿದ್ದ ಕಾಲದಿಂದ ಅವರ ಮನೆತನ ಅಲ್ಲಿದೆ. ಹಾಗಾಗಿ ಅವರ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹೈಸ್ಕೂಲು ಎಂಬುದು 'ಐಸ್ಕೂಲು' ಆಗುತ್ತಿತ್ತು. ಮಕ್ಕಳು ಅದನ್ನು ಅನುಕರಿಸಿ ನಗುವುದು ಅವರಿಗೆ ಗೊತ್ತಿತ್ತು. "ನಾನು ಐಸ್ಕೂಲ್ ಅಂತೀನಿ, ನೀವು ಬೇಕಾದಂಗೆ ಅನ್ನಿ, ಸೇರೋದು ಅದೇ ಜಾಗಕ್ಕೆ ತಾನೆ," ಎಂದು ತಾವೇ ಮೊದಲು ನಗುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ನಮ್ಮ ಕಡೆ ವಾಯುಪಡೆಯ ವಿಮಾನಗಳು ತಲೆಯ ಮೇಲೇ ಹಾರುತ್ತವೆ. ಸದ್ದು ಶುರುವಾದ ತಕ್ಷಣ ಅವರು ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದರು, ಅರ್ಧ ಎತ್ತಿದ ಕೈ ಅಲ್ಲೇ. ವಿಮಾನ ದೂರ ಹೋದ ಮೇಲೆ ಬಿಟ್ಟ ಅಕ್ಷರದಿಂದಲೇ ಮಾತು ಮುಂದುವರಿಯುತ್ತಿತ್ತು. ಮೊದಲ ಸಲ ನೋಡಿದವರು ಬೆಚ್ಚುತ್ತಿದ್ದರು, ಎರಡನೆಯ ಸಲ ನಗುತ್ತಿದ್ದರು, ಮೂರನೆಯ ಸಲ ಕಾಯುತ್ತಿದ್ದರು.

ಆಟ ಕಲಿಸುವ ಮೇಷ್ಟ್ರಿಗೆ ಈ ಕೆಲಸ ಯಾಕೆ ಬಂತು ಎಂದು ನಾನು ಆಮೇಲೆ ಕೇಳಿದ್ದೆ. ಯಾರೂ ಕೊಟ್ಟ ಕೆಲಸವಲ್ಲ. ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದವರು, ಇಂಗ್ಲಿಷಿನವರು ಎಲ್ಲರೂ ಏಳನೆಯವರ ಆಟದ ಪೀರಿಯಡ್ಡುಗಳನ್ನು ಕಿತ್ತುಕೊಳ್ಳುತ್ತಿದ್ದರಂತೆ. ಮಕ್ಕಳನ್ನು ಆಡಿಸಲು ಬಿಡದಿದ್ದ ಮೇಲೆ ಅವರ ಅಪ್ಪ ಅಮ್ಮಂದಿರನ್ನು ಆಡಿಸೋಣ ಎಂದು ಶುರು ಮಾಡಿದ್ದು ಎಂದರು. ಅದು ತಮಾಷೆಯ ಉತ್ತರ. ನಿಜವಾದ ಉತ್ತರ ಇನ್ನೊಂದಿತ್ತು, ಅದು ತಿಳಿದದ್ದು ಮುಂದಿನ ಶನಿವಾರ.

ಅವತ್ತು ಅವರು ಭಾಷಣ ಮಾಡಲಿಲ್ಲ, ಪ್ರಶ್ನೆ ಕೇಳಿದರು. ಅದೂ ಅಪ್ಪಂದಿರನ್ನು. ಹೈಸ್ಕೂಲಿಗೆ ಯಾವ ಬಸ್ಸು ಹೋಗುತ್ತದೆ, ಬೆಳಗ್ಗೆ ಆ ಬಸ್ಸು ಎಷ್ಟು ತುಂಬಿರುತ್ತದೆ, ಅಲ್ಲಿ ಕನ್ನಡ ಮಾಧ್ಯಮದ ಸೆಕ್ಷನ್ ಯಾವುದು, ಇಂಗ್ಲಿಷಿನದು ಯಾವುದು. ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, ನಿಮ್ಮ ಮಗಳ ಜೊತೆ ದಿನಾ ಊಟಕ್ಕೆ ಕೂರುವ ಹುಡುಗಿ ಯಾರು, ಅವಳು ಎಲ್ಲಿಗೆ ಸೇರುತ್ತಾಳೆ ಎಂದರು. ಸಾವಿರಾರು ಪುಸ್ತಕ ಯಾವ ಕಪಾಟಿನಲ್ಲಿವೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ ನಾನು ತಲೆ ತಗ್ಗಿಸಿದೆ. ಹಿಂದಿನಿಂದ ನೀಲಮ್ಮ ಮೆಲ್ಲಗೆ, "ಚೈತ್ರಾ ರೀ," ಎಂದಳು.

"ನೋಡಿ ಸಾರ್, ಅಮ್ಮಂಗೆ ಗೊತ್ತೈತೆ," ಎಂದರು ಮೇಷ್ಟ್ರು. "ಮಕ್ಳು ಐಸ್ಕೂಲಿಗೆ ಎದರಲ್ಲ. ಒಬ್ರೇ ಓಗ್ಬೇಕಲ್ಲ ಅಂತ ಎದರ್ತಾರೆ."

ಸಭೆ ಮುಗಿದ ಮೇಲೆ ನೀಲಮ್ಮ ಚೈತ್ರಾಳ ತಾಯಿಯ ಹತ್ತಿರ, ನಮ್ಮ ಹುಡುಗಿಯನ್ನು ಊರಿಗೆ ಕಳಿಸುತ್ತೇವೆ ಎಂದು ಹೇಳಿದ್ದಾಳೆ. ಆ ಮಾತು ಚೈತ್ರಾಳ ಕಿವಿಗೆ ಬಿದ್ದು, ಅವಳಿಂದ ನಮ್ಮ ಮಗಳಿಗೆ ತಲುಪಿತು. ಮಗಳು ನಮ್ಮೊಂದಿಗೆ ಜಗಳವಾಡಲಿಲ್ಲ. ಮೂರು ಹೊತ್ತೂ ಅನ್ನ ಕಲಸಿ ಕಲಸಿ ಬಿಟ್ಟೆದ್ದಳು. ಸೋಮವಾರ ಶಾಲೆಯಲ್ಲಿ ಮೇಷ್ಟ್ರಿಗೆ ಹೇಳಿದಳೆಂದು ಕಾಣುತ್ತದೆ, ಸಂಜೆ ಅವರ ಹಳೆಯ ಸ್ಕೂಟರು ನಮ್ಮ ಗೇಟಿನ ಮುಂದೆ ನಿಂತಿತು.

ಒಳಗೆ ಬನ್ನಿ ಎಂದರೆ ಬರಲಿಲ್ಲ. ಗೇಟು ಹಿಡಿದೇ ನಿಂತರು. ಮಕ್ಕಳ ಮನೆಗಳಲ್ಲಿ ಕೂತರೆ ಕಾಫಿ ಕುಡಿಯಬೇಕಾಗುತ್ತದೆ, ಕಾಫಿ ಕುಡಿದ ಮೇಲೆ ಗಟ್ಟಿಯಾಗಿ ಮಾತಾಡಲು ಆಗುವುದಿಲ್ಲ ಎಂಬುದು ಅವರ ವಾದ. ನಾನು ಬಸ್ಸಿನ ನೂಕುನುಗ್ಗಲು, ದೊಡ್ಡ ರಸ್ತೆ, ಕಾಲ ಸರಿಯಿಲ್ಲದ್ದು, ನನ್ನ ತಾಯಿ ಒಂಟಿಯಾಗಿರುವುದು ಎಂದೆಲ್ಲ ವಿವರಿಸಿದೆ. ಅವರು ಒಂದನ್ನೂ ತಳ್ಳಿಹಾಕಲಿಲ್ಲ. ಎಲ್ಲ ಕೇಳಿ, ನನ್ನನ್ನು ಬಿಟ್ಟು ನೀಲಮ್ಮನನ್ನು ನೋಡಿದರು.

"ನೀವ್ ಎಲ್ಲೀವರ್ಗೂ ಓದಿದ್ದೀರಮ್ಮ?"

"ಏಳನೇತ್ತಾ ಮುಗಿಸೀನ್ರಿ."

"ಆಮೇಲೆ?"

ನೀಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನೂ ಆ ಪ್ರಶ್ನೆ ಕೇಳಿರಲಿಲ್ಲ. ಹೈಸ್ಕೂಲು ಪಕ್ಕದ ಊರಲ್ಲಿತ್ತು ಎಂದಳು. ಹಳ್ಳ ದಾಟಿ ಹೋಗಬೇಕಿತ್ತು. ಅವಳ ಕ್ಲಾಸಿನ ಹುಡುಗರೆಲ್ಲ ಹೋದರು.

"ಆ ಹಾದಿ ನಮ್ಮ ಮನ್ಯಾಗ ಯಾರೂ ನೋಡಿದ್ದಿಲ್ರಿ," ಎಂದಳು. "ನೋಡ್ದನ ಬ್ಯಾಡ ಅಂದ್ರು."

ಮೇಷ್ಟ್ರು ಕ್ಯಾಪು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅಂಗಾದ್ರೆ ನಾವು ನೋಡಾನ ಕಣಮ್ಮ. ನೋಡ್ಬುಟ್ಟು ಬೇಡ ಅನ್ನಿ. ಆಮೇಕೆ ನಾನು ಒಂದ್ ಮಾತೂ ಎದುರಾಡಲ್ಲ."

ಸ್ಕೂಟರು ಹೊರಟು ಹೋಯಿತು. ನೀಲಮ್ಮ ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನಾನೂ ಮಗಳೂ ಉಸಿರೆತ್ತದೆ ತಿಂದೆವು.

ಮುಂದಿನ ಶನಿವಾರ ಹೈಸ್ಕೂಲು ನೋಡುವ ಕಾರ್ಯಕ್ರಮ. ತಂದೆಯೊಬ್ಬರು ತಮ್ಮ ಟೆಂಪೋ ಟ್ರಾವೆಲರ್ ತಂದಿದ್ದರು, ಅದರಲ್ಲಿ ತುರುಕಿಕೊಂಡು ಹೋದೆವು. ನಮ್ಮಲ್ಲಿ ಬಹಳ ಮಂದಿ ತಾಯಂದಿರು ಹೈಸ್ಕೂಲಿನ ಗೇಟಿನೊಳಗೆ ಕಾಲಿಡುತ್ತಿದ್ದದ್ದು ಅದೇ ಮೊದಲು. ಗಾಡಿಯೊಳಗೆ ಮದುವೆಗೆ ಹೊರಟ ಹಾಗೆ ಗಲಾಟೆ. ಯಾರೋ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದರು.

ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ನಮ್ಮನ್ನು ಬರಮಾಡಿಕೊಂಡು, ಮೊದಲು ಪ್ರಯೋಗಾಲಯ ನೋಡೋಣ ಬನ್ನಿ ಎಂದರು. ನಮ್ಮ ಮೇಷ್ಟ್ರು ಅಡ್ಡ ಬಂದರು. ಅಮ್ಮಂದಿರಿಗೆ ಮೊದಲು ಹುಡುಗಿಯರ ಟಾಯ್ಲೆಟ್ ತೋರಿಸಿ, ಮಿಕ್ಕಿದ್ದು ಆಮೇಲೆ ಎಂದರು. ಆ ಮೇಡಂ ಒಂದು ಕ್ಷಣ ತಬ್ಬಿಬ್ಬಾದರು. ತಾಯಂದಿರು ಮಾತ್ರ ಗುಂಪಾಗಿ ಆ ಕಡೆ ನಡೆದೇಬಿಟ್ಟರು. ಬಾಗಿಲಿಗೆ ಚಿಲಕ ಬೀಳುತ್ತದೆಯೇ, ನಲ್ಲಿಯಲ್ಲಿ ನೀರಿದೆಯೇ, ಕಿಟಕಿ ಎಷ್ಟು ಎತ್ತರದಲ್ಲಿದೆ, ಎಲ್ಲ ಕೈಯಿಂದ ಮುಟ್ಟಿ ನೋಡಿದರು. ಒಂದು ಚಿಲಕ ಮುರಿದಿತ್ತು. ಅದನ್ನು ಅಲ್ಲಿಯೇ ಹೇಳಿದವಳು ನೀಲಮ್ಮ. ಮೇಡಂ ಬೇಸರ ಮಾಡಿಕೊಳ್ಳದೆ ಹಾಕಿಸುತ್ತೇನೆ ಎಂದರು, ಹಾಕಿಸಿದರು ಕೂಡ. ಅಲ್ಲಿಂದ ಹಿಂತಿರುಗುವಾಗ ತಾಯಂದಿರ ಮುಖಗಳೇ ಬೇರೆಯಾಗಿದ್ದವು. ಇಡೀ ಕಟ್ಟಡವನ್ನು ಅರ್ಧ ಗೆದ್ದವರ ಹಾಗೆ ನಡೆಯುತ್ತಿದ್ದರು.

ನಂತರ ನಮ್ಮನ್ನು ಎಂಟನೇ ಕ್ಲಾಸಿನ ಬೆಂಚುಗಳಲ್ಲಿ ಕೂರಿಸಿದರು. ಅಪ್ಪಂದಿರ ಮೊಣಕಾಲು ಡೆಸ್ಕಿನ ಕೆಳಗೆ ಸಿಕ್ಕಿಕೊಂಡವು. ವಿಜ್ಞಾನದ ಮೇಡಂ ಬಂದು, ಬೀಜ ಮೊಳೆಯುವ ಪಾಠವನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಅದನ್ನೇ ಕನ್ನಡದಲ್ಲಿ ಮಾಡಿದರು. ಇದೂ ನಮ್ಮ ಮೇಷ್ಟ್ರ ಏರ್ಪಾಟೇ. ಯಾವ ಮಾಧ್ಯಮ ಬೇಕೆಂದು ತೀರ್ಮಾನ ಮಾಡುವ ಮುನ್ನ ಎರಡರ ರುಚಿಯನ್ನೂ ಅಪ್ಪ ಅಮ್ಮಂದಿರು ನೋಡಲಿ ಎಂದು. ಟೆಂಪೋ ತಂದಿದ್ದವರು ಇಂಗ್ಲಿಷ್ ಪಾಠದ ಉದ್ದಕ್ಕೂ ತಲೆಯಾಡಿಸುತ್ತಿದ್ದರು. ಮೇಡಂ ಎಬ್ಬಿಸಿ ಪ್ರಶ್ನೆ ಕೇಳಿದಾಗ ಎದ್ದು ನಿಂತು ಬೆವರಿದರು. ಕ್ಲಾಸು ಘೊಳ್ಳೆಂದಿತು. ಅವರೂ ನಕ್ಕು ಕೂತರು. ಆಮೇಲೆ ಮಗನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಅವನಿಗೆ ಯಾವುದು ಬೇಕೆಂದು ಕೇಳುತ್ತಿದ್ದುದನ್ನು ನೋಡಿದೆ. ಅವನು ಇಂಗ್ಲಿಷೇ ಬೇಕೆಂದನಂತೆ. ನಮ್ಮ ಮೇಷ್ಟ್ರಿಗೆ ಅದರಲ್ಲೇನೂ ತಕರಾರಿರಲಿಲ್ಲ. ಹುಡುಗ ಕೇಳಿದ, ಹುಡುಗನಿಗೆ ಸಿಕ್ಕಿತು, ಅಷ್ಟು ಸಾಕು ಎಂದರು.

ಮಧ್ಯಾಹ್ನ ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ನಾನೂ ಅವರೂ ನಿಂತಿದ್ದಾಗ ಅವರು ತಮ್ಮ ಕಥೆ ಹೇಳಿದರು. ಕೋಗಿಲಿನಿಂದ ಯಲಹಂಕದ ಹೈಸ್ಕೂಲಿಗೆ ಅವರ ಮನೆಯಿಂದ ಹೊರಟ ಮೊದಲ ಹುಡುಗ ಅವರೇ. ಮೊದಲ ದಿನ ಗೊತ್ತಿಲ್ಲದೆ ಒಂಬತ್ತನೆಯವರ ಕೋಣೆಯಲ್ಲಿ ಹೋಗಿ ಕೂತರಂತೆ. ಹೆಸರು ಕೇಳಿದಾಗ ಹೇಳಿದರು, ಊರು ಕೇಳಿದಾಗ ಹೇಳಿದರು, ಯಾವ ಸೆಕ್ಷನ್ ಎಂದು ಕೇಳಿದಾಗ ಆ ಪದವನ್ನೇ ಕೇಳಿರದ ಹುಡುಗ ಎದ್ದು ಹೊರಗೆ ನಡೆದ. ಆಮೇಲೆ ಆ ಮಳೆಗಾಲ ಪೂರ್ತಿ ಬೆಳಗ್ಗೆ ಪುಸ್ತಕ ಹಿಡಿದು ಹೊರಡುವುದು, ಯಲಹಂಕದ ಕೆರೆ ಏರಿಯ ಮೇಲೆ ಕೂತಿದ್ದು ಸಂಜೆ ಮನೆಗೆ ಬರುವುದು. ಮನೆಯವರು ಹುಡುಗ ಓದುತ್ತಿದ್ದಾನೆಂದು ಊರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದರು. ಕೊನೆಗೆ ಕೆರೆಯ ಪಕ್ಕದ ಮೈದಾನದಲ್ಲಿ ಖೋ ಖೋ ಆಡಿಸುತ್ತಿದ್ದ ಒಬ್ಬ ಮೇಷ್ಟ್ರು ಏರಿಯ ಮೇಲಿದ್ದ ಹುಡುಗನನ್ನು ಕರೆದು ಆಟಕ್ಕೆ ಸೇರಿಸಿಕೊಂಡು, ಆಟ ಮುಗಿದ ಮೇಲೆ ಕೈಹಿಡಿದು ಸರಿಯಾದ ಕೋಣೆಗೆ ಬಿಟ್ಟರು.

"ಬರೀ ರೂಮು ಗೊತ್ತಿರ್ಲಿಲ್ಲ ಸಾರ್," ಎಂದರು ಮೇಷ್ಟ್ರು, ಲೋಟದ ತಳದ ಚಹಾ ಚೆಲ್ಲುತ್ತ. "ಅಷ್ಟಕ್ಕೇ ನನ್ ಓದು ಮುಗ್ದೋಗ್ತಿತ್ತು."

ಅದನ್ನು ಅವರು ದುಃಖದಿಂದ ಹೇಳಲಿಲ್ಲ. ಹಾಗೆ ಮುಗಿಯಲಿಲ್ಲವಲ್ಲ ಎಂಬ ಖುಷಿಯಲ್ಲಿ, ಕಣ್ಣರಳಿಸಿ ಹೇಳಿದರು.

ಇನ್ನು ಉಳಿದದ್ದು ಬಸ್ಸು. ಅದನ್ನು ಅವರು ಟ್ರಯಲ್ ಎನ್ನುತ್ತಿದ್ದರು. ಶಾಲೆಯ ದಿನದ ಬೆಳಗ್ಗೆ, ಆಫೀಸಿಗೂ ಫ್ಯಾಕ್ಟರಿಗೂ ಹೋಗುವವರ ನೂಕುನುಗ್ಗಲಿನಲ್ಲೇ ಆಗಬೇಕು. ರಜೆಯ ದಿನದ ಖಾಲಿ ಬಸ್ಸಿನಲ್ಲಿ ಕಲಿತದ್ದು ಕೆಲಸಕ್ಕೆ ಬರುವುದಿಲ್ಲ. ಪ್ರತಿ ಟ್ರಯಲಿಗೂ ಒಬ್ಬ ಕ್ಯಾಪ್ಟನ್ ಇರುತ್ತಿದ್ದರು, ಅವರು ತಾಯಿಯೇ ಆಗಿರಬೇಕು. ಆ ವರ್ಷ ಮೇಷ್ಟ್ರು ಹೆಸರು ಹೇಳಿದ್ದು ನೀಲಮ್ಮನದು.

ನನಗೆ ಗಾಬರಿಯಾಯಿತು. ಬೆಂಗಳೂರಿನಲ್ಲಿ ನೀಲಮ್ಮ ಒಬ್ಬಳೇ ಬಸ್ಸು ಹತ್ತಿದವಳಲ್ಲ. ತರಕಾರಿಗೂ ಜೊತೆ ಹುಡುಕುವವಳು. ನಾನು ಮೇಷ್ಟ್ರಿಗೆ ಫೋನು ಮಾಡಿ, ಬೇರೆ ಯಾರನ್ನಾದರೂ ನೋಡಿ ಎಂದೆ. ನೀವೂ ಜೊತೆಗೆ ಬನ್ನಿ, ಆದರೆ ಹಿಂದೆ ನಿಲ್ಲಿ, ಬಾಯಿ ಬಿಡಬೇಡಿ ಎಂದರು. ತಾವು ಬರುವುದಿಲ್ಲವೆಂದೂ, ಹೈಸ್ಕೂಲಿನ ಗೇಟಿನ ಹತ್ತಿರ ಕಾಯುತ್ತೇನೆಂದೂ ಹೇಳಿ ಫೋನಿಟ್ಟರು.

ಆ ಬೆಳಗ್ಗೆ ನೀಲಮ್ಮ ಇಳಕಲ್ ಸೀರೆ ಉಟ್ಟಳು. ಎಂ.ಎಸ್. ಪಾಳ್ಯದ ಸರ್ಕಲ್ಲಿನಲ್ಲಿ ಮಕ್ಕಳು, ತಾಯಂದಿರು ಅವಳ ಸುತ್ತ ಗುಂಪುಗೂಡಿದರು. ಎರಡು ಬಸ್ಸು ನಿಲ್ಲದೆ ಹೋದವು. ಮೂರನೆಯದು ನಿಂತಿತು. ಹತ್ತಿದೆವು. ಆಧಾರ್ ಕಾರ್ಡನ್ನು ಎದೆಗೆ ಅವುಚಿಕೊಂಡಿದ್ದ ನೀಲಮ್ಮ ಅದನ್ನು ಕಂಡಕ್ಟರಿಗೆ ತೋರಿಸಿ ಹೆಂಗಸರ ಫ್ರೀ ಟಿಕೆಟ್ ಪಡೆದು, ಅದನ್ನು ದೇವರ ಪ್ರಸಾದದಂತೆ ಮಡಿಸಿ ಇಟ್ಟುಕೊಂಡಳು. ಮಕ್ಕಳಿಗೆ, ಕಂಬಿ ಹಿಡೀರಿ, ಬ್ಯಾಗು ಮುಂದಕ್ಕೆ ಹಾಕ್ಕೋರಿ ಎಂದು ಹೇಳುತ್ತಲೇ ಇದ್ದಳು.

ಗಂಗಮ್ಮ ಸರ್ಕಲ್ ಆದ ಮೇಲೆ ನಮ್ಮ ಸ್ಟಾಪು ಬಂತು. ಜನರನ್ನು ತಳ್ಳಿಕೊಂಡು ಇಳಿದೆವು. ಮಕ್ಕಳು ಫುಟ್‌ಪಾತಿನ ಮೇಲೆ ಬಂದು ನಿಂತರು. ಬಸ್ಸು ಹೊರಟಿತು. ಆಗ ಭಾಗ್ಯಶ್ರೀ ಕೂಗಿದಳು: "ಅವ್ವಾ, ಚೈತ್ರಾ ಒಳಗದಾಳ."

ಕಿಟಕಿಯಲ್ಲಿ ಚೈತ್ರಾಳ ಮುಖ ಕಂಡಿತು. ಜನರ ಮಧ್ಯೆ ಸಿಕ್ಕಿಕೊಂಡು ಬಾಗಿಲಿನವರೆಗೆ ಬರಲು ಅವಳಿಗೆ ಆಗಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನೀಲಮ್ಮ ಓಡಿದ್ದಳು. ಸೀರೆಯ ನೆರಿಗೆ ಒಂದು ಕೈಯಲ್ಲಿ, ಇನ್ನೊಂದು ಕೈಯಿಂದ ಬಸ್ಸಿನ ಮೈಗೆ ದಬದಬ ಬಡಿಯುತ್ತ, "ನಿಲ್ಲಸ್ರೀ, ಹುಡುಗಿ ಇಳಿಯೂದೈತಿ, ನಿಲ್ಲಸ್ರೀ," ಎಂದು ಕೂಗಿದಳು. ಅವಳಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ತಿಳಿದಿರಲಿಲ್ಲ. ಬೆಂಗಳೂರಿಗೂ ತಿಳಿದಿರಲಿಲ್ಲ. ಬಸ್ಸು ನಿಂತಿತು. ಹಿಂದಿದ್ದ ಆಟೋಗಳೂ ನಿಂತವು. ಕಂಡಕ್ಟರ್ ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿ, ಇಳಿಯಮ್ಮ ಪುಟ್ಟಿ, ನಿಧಾನ ಎಂದ.

ಚೈತ್ರಾಳ ಕೈಹಿಡಿದು ನೀಲಮ್ಮ ಬಂದಳು. ಹುಡುಗಿಗೆ ಅಳು, ಅವಳ ತಾಯಿಗೆ ಅಳು. ನೀಲಮ್ಮ ಅವರಿಬ್ಬರಿಗೂ ನೀರು ಕುಡಿಸಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಸಿಗ್ನಲ್ಲಿನಲ್ಲಿ ಕಾದು ರಸ್ತೆ ದಾಟಿಸಿದಳು. ಅರ್ಧ ರಸ್ತೆಯಲ್ಲಿ ಬೈಕಿನವನೊಬ್ಬ ನುಗ್ಗಿದಾಗ ಕೈ ಅಡ್ಡ ಹಿಡಿದಳು. ಅವನು ನಿಂತ.

ಗೇಟಿನ ಬಳಿ ಮೇಷ್ಟ್ರು ನಿಂತಿದ್ದರು. ಎಲ್ಲರೂ ಒಟ್ಟಿಗೆ ನಡೆದದ್ದನ್ನು ಹೇಳತೊಡಗಿದೆವು. ಅವರು ಭಲೇ ಅನ್ನಲಿಲ್ಲ, ಅಯ್ಯೋ ಎಂದೂ ಅನ್ನಲಿಲ್ಲ. ನೀಲಮ್ಮನನ್ನು ಕೇಳಿದ್ದು ಒಂದೇ ಮಾತು.

"ಯಾವ್ ಬಾಗ್ಲಲ್ಲಿ ಇಳುದ್ರಿ ಕಣಮ್ಮ?"

ಅರ್ಧ ಜನ ಮುಂದಿನಿಂದ, ಅರ್ಧ ಜನ ಹಿಂದಿನಿಂದ ಇಳಿದಿದ್ದೆವು. ನೀಲಮ್ಮ ತಾನೇ ಯೋಚಿಸಿ ಹೇಳಿದಳು, ಇನ್ನು ಮೇಲೆ ಎಲ್ಲ ಮಕ್ಕಳೂ ಒಂದೇ ಬಾಗಿಲಿನ ಹತ್ತಿರ ನಿಲ್ಲಬೇಕು, ಒಂದು ಸ್ಟಾಪು ಮೊದಲೇ ಏಳಬೇಕು, ಕೊನೆಗೆ ಇಳಿಯುವವರು ದೊಡ್ಡವರು. ಮೇಷ್ಟ್ರು ಅದನ್ನೇ ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿದರು. ವಾಪಸ್ಸು ಬರುವಾಗ ಹಾಗೆಯೇ ಇಳಿದೆವು. ಚೈತ್ರಾ ಎಲ್ಲರಿಗಿಂತ ಮೊದಲು ಇಳಿದು, ಉಳಿದವರನ್ನು ಹೆಸರು ಹಿಡಿದು ಕರೆದಳು.

ಎಂ.ಎಸ್. ಪಾಳ್ಯದಲ್ಲಿ ಇಳಿದ ಮೇಲೆ ಎಲ್ಲರೂ ಅವರವರ ಮನೆ ಕಡೆ ಹೊರಟರು. ನೀಲಮ್ಮ ಮಾತ್ರ ಬಸ್ ಸ್ಟಾಪಿನಲ್ಲೇ ನಿಂತಳು. ಕೈ ಕೆಂಪಗಾಗಿತ್ತು. ಅದನ್ನು ಉಜ್ಜಿಕೊಳ್ಳುತ್ತ, ಮಗಳ ಮುಂದೆಯೇ ನನಗೆ ಹೇಳಿದಳು: "ನಿಮ್ಮ ಅವ್ವಗ ಫೋನ್ ಹಚ್ರಿ. ಭಾಗ್ಯಾ ಇಲ್ಲೇ ಓದ್ತಾಳ ಅಂತ ಹೇಳ್ರಿ."

ನಾನು ಹಚ್ಚಿದೆ. ಅತ್ತ ಕಡೆಯಿಂದ ತಾಯಿ ಹಲೋ ಎನ್ನುವ ಮೊದಲೇ ಮಗಳು ಫೋನು ಕಿತ್ತುಕೊಂಡು, ಬಸ್ಸು ಬಡಿದು ನಿಲ್ಲಿಸಿದ ಕಥೆಯನ್ನು ಮೊದಲಿನಿಂದ ಶುರು ಮಾಡಿದ್ದಳು.

ಮೇಷ್ಟ್ರ ಎಲ್ಲ ಗುಣಗಳೂ ಹೀಗೆ ಹೊಗಳುವಂಥವೇ ಆಗಿರಲಿಲ್ಲ. ಅವರಿಗೆ ಕೋಪ ಬೇಗ. ಮಗುವನ್ನು ಕೇಳಿದ ಪ್ರಶ್ನೆಗೆ ಅಪ್ಪ ಉತ್ತರ ಕೊಟ್ಟರೆ, ನೀವು ಹೊರಗೆ ಹೋಗಿ ಗಾಳಿ ತಗೊಳ್ಳಿ ಎಂದು ಎಲ್ಲರೆದುರೇ ಹೇಳುತ್ತಿದ್ದರು. ಹಾಗೆ ಹೊರಗೆ ಹೋದ ಒಬ್ಬರು ಆಮೇಲೆ ಶಾಲೆಯ ಕಡೆ ತಲೆಯೇ ಹಾಕಲಿಲ್ಲ. ಅದಕ್ಕೆ ಮೇಷ್ಟ್ರು ಪೇಚಾಡಿಕೊಂಡರೂ ಮುಂದಿನ ಸಲ ಮತ್ತೆ ಹಾಗೆಯೇ ಹೇಳಿದರು.

ಖೋ ಖೋ ಆಡುವ ಹುಡುಗಿಯೊಬ್ಬಳಿದ್ದಳು, ಗಾಳಿಯ ಹಾಗೆ ಓಡುವವಳು. ಅವಳ ತಂದೆ ತಾಯಿ ಕಟ್ಟಡದ ಕೆಲಸದವರು. ಟಿ.ಸಿ. ತೆಗೆದುಕೊಂಡು ಹೋದವರು ಯಾವ ಹೈಸ್ಕೂಲಿಗೆ ಸೇರಿಸಿದರೆಂದು ಗೊತ್ತಾಗಲಿಲ್ಲ. ಫೋನೂ ಹೋಗುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಮೇಷ್ಟ್ರು ಸ್ಕೂಟರಿನಲ್ಲಿ ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ ಎಂದು ಕಟ್ಟಡ ಏಳುತ್ತಿರುವ ಕಡೆಯೆಲ್ಲ ಹುಡುಕಿದರು. ಕೊನೆಗೆ ಶಾಲೆ ಶುರುವಾದ ಮೇಲೆ ಹೆಬ್ಬಾಳದ ಹತ್ತಿರ ಒಂದು ಮೈದಾನದಲ್ಲಿ ಅವಳೇ ಸಿಕ್ಕಳು. ಹೈಸ್ಕೂಲಿನ ಸಮವಸ್ತ್ರದಲ್ಲಿ, ಹೊಸ ಗೆಳತಿಯರ ಜೊತೆ ಖೋ ಖೋ ಆಡುತ್ತಿದ್ದಳು. ನಾನೇ ಅಮ್ಮನನ್ನು ಕರೆದುಕೊಂಡು ಹೋಗಿ, ಟಾಯ್ಲೆಟ್ ನೋಡಿ, ಕ್ಲಾಸು ನೋಡಿ, ಸೇರಿಕೊಂಡೆ ಸಾರ್ ಎಂದಳಂತೆ. ಇದನ್ನು ನಮಗೆ ಹೇಳುವಾಗ ಮೇಷ್ಟ್ರಿಗೆ ಸಂತೋಷವೂ ಇತ್ತು, ಸ್ವಲ್ಪ ಮುನಿಸೂ ಇತ್ತು. ಬಿಸಿಲಲ್ಲಿ ಅಷ್ಟು ಅಲೆದದ್ದು ವೇಸ್ಟಾಯಿತಲ್ಲ ಎಂದರು. ನಾವು ನಕ್ಕಿದ್ದಕ್ಕೆ ಅವರೂ ನಕ್ಕರು.

ಹೋದ ವರ್ಷ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತಾಡಿ ಎಂದಾಗ ಮೈಕಿನ ಮುಂದೆ ನಿಂತು, ಮಕ್ಕಳೇ ಚೆನ್ನಾಗಿ ಆಡಿ ಎಂದಷ್ಟೇ ಹೇಳಿ ಕೆಳಗಿಳಿದರು. ಇಳಿದವರು ನೇರವಾಗಿ ತಾಯಂದಿರು ಕೂತಿದ್ದ ಕಡೆ ಬಂದರು. ಜನವರಿಯಿಂದ ಶನಿವಾರಗಳನ್ನು ನೀವೇ ನಡೆಸಬೇಕು, ಹೆಡ್ ಮೇಡಂ ಹತ್ತಿರ ಮಾತಾಡಿದ್ದೇನೆ ಎಂದು ನೀಲಮ್ಮನಿಗೆ ಹೇಳಿದರು. ಅವಳು ಆಗುವುದಿಲ್ಲ ಎನ್ನಲಿಲ್ಲ. ಚೈತ್ರಾಳ ತಾಯಿಯನ್ನು ಜೊತೆಗೆ ಹಾಕಿಕೊಂಡು ಈ ವರ್ಷ ನಡೆಸಿಯೂ ಬಿಟ್ಟಳು. ಆ ಶನಿವಾರಗಳಂದು ನಮ್ಮ ಮನೆಯಲ್ಲಿ ಅಡುಗೆ ನನ್ನದು.

ಈ ಬೇಸಿಗೆಯಲ್ಲಿ ಒಂದು ಸಂಜೆ ಮೇಷ್ಟ್ರು ಬಂದರು. ಗೇಟಿನಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಕಾಫಿ ಕೊಟ್ಟರೆ ಕುಡಿದರು. ಏನೋ ಆಗಿದೆ ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವರ ಮಗನ ಮಗಳು ಕೋಗಿಲಿನ ಶಾಲೆಯಲ್ಲಿ ಏಳನೆಯದು ಮುಗಿಸಿದ್ದಾಳೆ. ಹೆಬ್ಬಾಳದ ಹತ್ತಿರದ ಹೈಸ್ಕೂಲಿಗೆ ಸೇರಿಸಿದ್ದಾರೆ. ಮಗ ಸೊಸೆ ಇಬ್ಬರೂ ಬೆಳಗಾದರೆ ಕೆಲಸಕ್ಕೆ ಓಡುವವರು. ಕೋಗಿಲು ಕ್ರಾಸಿನಿಂದ ಬಳ್ಳಾರಿ ರಸ್ತೆಯ ಬಸ್ಸಿನಲ್ಲಿ ಹುಡುಗಿ ಒಬ್ಬಳೇ ಹೋಗಬೇಕು.

"ಎಷ್ಟೋ ಮಕ್ಳನ್ನ ಕಳ್ಸಿದ್ದೀನಿ ಕಣಮ್ಮ," ಎಂದರು. "ನಮ್ ಪಾಪ ಓಗೋದು ನೆನುಸ್ಕೊಂಡ್ರೆ ಕೈಕಾಲೇ ಆಡಲ್ಲ. ಊರಿಗೆಲ್ಲ ಏಳ್ದೋನು ನಾನು, ಮನೇಲಿ ಯಾರಿಗೆ ಏಳ್ಲಿ?"

ನೀಲಮ್ಮ ನಗಲಿಲ್ಲ. ಸೊಸೆಗೆ ಒಂದು ದಿನ ರಜೆ ಹಾಕಲು ಹೇಳಿ ಎಂದಳು. ಆ ಹೈಸ್ಕೂಲಿಗೆ ಅವರನ್ನೆಲ್ಲ ಕರೆದುಕೊಂಡು ಹೋದಳು. ಚಿಲಕ, ನಲ್ಲಿ, ಕ್ಲಾಸು, ಎಲ್ಲ ಆಯಿತು. ಅದೇ ಬೀದಿಯಿಂದ ಹೋಗುವ ಇನ್ನೊಬ್ಬ ಹುಡುಗಿಯನ್ನು ಹುಡುಕಿ ಜೊತೆ ಮಾಡಿದಳು. ಬಸ್ಸಿನ ಟ್ರಯಲ್ ದಿನ ಮೇಷ್ಟ್ರು ದಾರಿಯುದ್ದಕ್ಕೂ ಮೊಮ್ಮಗಳ ಬ್ಯಾಗು ಹಿಡಿದುಕೊಳ್ಳುವುದು, ಸೀಟು ಹುಡುಕುವುದು ಮಾಡುತ್ತಿದ್ದರಂತೆ. ಇಳಿದ ಮೇಲೆ ನೀಲಮ್ಮ ಅವರನ್ನು ಪಕ್ಕಕ್ಕೆ ಕರೆದು, ಶಾಲೆ ಶುರುವಾಗುವ ದಿನ ನೀವು ಬಸ್ ಸ್ಟಾಪಿನವರೆಗೆ ಬನ್ನಿ, ಅಲ್ಲಿಂದ ಮನೆಗೆ ಹೋಗಿಬಿಡಿ, ಗೆಳತಿಯರ ಮುಂದೆ ಹುಡುಗಿಗೆ ನಾಚಿಕೆಯಾಗುತ್ತದೆ ಎಂದು ಹೇಳಿದಳು. ಅವರು ತಲೆಯಾಡಿಸಿದರು.

ಶಾಲೆ ಶುರುವಾದ ದಿನ ಬೆಳಗ್ಗೆ ಭಾಗ್ಯಶ್ರೀ ಹತ್ತನೇ ಕ್ಲಾಸಿಗೆ ಹೊರಟು ಹೋಗಿದ್ದಳು. ನಾನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಫೋನು ಬಂತು. ರೊಟ್ಟಿ ಹಿಟ್ಟಿನ ಕೈಯಲ್ಲಿದ್ದ ನೀಲಮ್ಮ ಸ್ಪೀಕರ್ ಹಾಕಲು ನನಗೆ ಸನ್ನೆ ಮಾಡಿದಳು.

"ಓಯ್ತು ಕಣಮ್ಮ ನಮ್ ಪಾಪ," ಎಂದರು ಮೇಷ್ಟ್ರು. ಓಡಿ ಬಂದವರ ಹಾಗೆ ಏದುಸಿರಿನ ಉತ್ಸಾಹ. "ಬಸ್ಸೂ ಸಿಕ್ತು, ಸೀಟೂ ಸಿಕ್ತು. ಕಿಟಕಿ ಪಕ್ಕ ಕೂತವ್ಳೆ. ಆ ಇನ್ನೊಂದ್ ಮಗಾನೂ ಪಕ್ಕದಲ್ಲೇ ಐತೆ. ಇಬ್ರೂ ನಗ್ತಾ ಅವ್ರೆ."

ನೀಲಮ್ಮ ನನ್ನ ಮುಖ ನೋಡಿದಳು.

"ಭಾಳ ಚಲೋ ಆತು ಸರ್. ನೀವೆಲ್ಲಿ ಅದೀರಿ?"

"ಮನೇಲಿ ಕಣಮ್ಮ."

ಅವರ ಮಾತಿನ ಹಿಂದಿನಿಂದ ಕಂಡಕ್ಟರನ ದನಿ ಸ್ಪಷ್ಟವಾಗಿ ಕೇಳಿತು: "ಕೊಡಿಗೇಹಳ್ಳಿ ಗೇಟ್, ಕೊಡಿಗೇಹಳ್ಳಿ ಗೇಟ್, ಬೇಗ ಇಳೀರಿ."



"ಆತ್ರಿ ಸರ್," ಎಂದಳು ನೀಲಮ್ಮ ಗಂಭೀರವಾಗಿ. "ಮನ್ಯಾಗ ಇರ್ರಿ. ಸಂಜಿಗೆ ಮಾತಾಡೂಣು."

ಫೋನು ಇಟ್ಟ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಬಿಳಿ ಮಾಡಿಕೊಂಡಳು. ಹಾಗೆ ನಗುತ್ತಿದ್ದವಳು ಥಟ್ಟನೆ ನಿಲ್ಲಿಸಿ, "ತಡೀರಿ, ಮತ್ತ ಹಚ್ರಿ ಫೋನು," ಎಂದಳು. "ಮಮ್ಮಗಳಿಗೆ ಕಾಣದಂಗ ಹಿಂದ ನಿಂತಿರ್ತಾರ. ಇಳಿಯೂ ಸ್ಟಾಪ್ ಅವರಿಗೆ ನೆನಪೈತೋ ಇಲ್ಲೋ."